ಪಶ್ಚಿಮದ ಗೋಡೆಯಿಂದ ಒಳಗೆ ಬರುವ ಬಿಸಿಲಿನ ಶಾಖವನ್ನು ಲೆಕ್ಕ ಹಾಕುವುದು ಹೇಗೆ?

ಅಮ್ಮತ್ತಿ ತೋಟದವ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟದೊಳಗೇ ಮನೆ ಕಟ್ಟಿಸುತ್ತಿದ್ದೇನೆ. ಪಾಯ ಮುಗಿದು ಪ್ಲಿಂತ್ ಬೆಲ್ಟ್ ಹಾಕಿಯಾಗಿದೆ, ಇನ್ನು ಗೋಡೆ ಏಳಬೇಕು. ಯಾವುದರಲ್ಲಿ ಕಟ್ಟುವುದು ಎಂದು ತೀರ್ಮಾನ ಮಾಡುವ ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕಿದೆ.

ಅವ್ವನ ಕೋಣೆ ಪಶ್ಚಿಮಕ್ಕಿದೆ. ಆ ಗೋಡೆ 14 ಅಡಿ ಉದ್ದ, 10 ಅಡಿ ಎತ್ತರ, ನಡುವೆ 5 ಅಡಿಗೆ 4 ಅಡಿಯ ಕಿಟಕಿ. ಕೋಣೆಯನ್ನು ಬೇರೆ ಕಡೆಗೆ ಹಾಕಬಹುದಿತ್ತು, ಆದರೆ ಅವ್ವ ಒಪ್ಪುವುದಿಲ್ಲ. ಆ ಕಡೆಗೇ ನಮ್ಮ ಕಾಫಿ ಕಣ. ರೋಬಸ್ಟಾ ಕುಯ್ಲು ಶುರುವಾದ ಮೇಲೆ ಅವರ ಕಣ್ಣು ಕಣದ ಮೇಲೆಯೇ ಇರುತ್ತದೆ. ಮಾರ್ಚ್‌ನಲ್ಲಿ ಮೋಡ ಕಟ್ಟಿದರೆ ಟಾರ್ಪಾಲ್ ತರಲು ಮೊದಲು ಕೂಗುವವರೂ ಅವರೇ. ಕಣಕ್ಕೆ ಬಿಸಿಲು ಬೀಳಲಿ ಎಂದು ಆ ಸಾಲಿನ ಸಿಲ್ವರ್ ಮರಗಳನ್ನು ತೆಗೆಸಿದ್ದೇವೆ, ಆದ್ದರಿಂದ ಅಲ್ಲಿ ಮತ್ತೆ ಮರ ನೆಡಿ ಎಂಬ ಸಲಹೆ ನನಗೆ ಆಗಿಬರುವುದಿಲ್ಲ.

ಈಗ ನಾವಿರುವುದು 6 ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕಿನ ಸಣ್ಣ ಮನೆಯಲ್ಲಿ. ಮಾರ್ಚ್ ತಿಂಗಳ ರಾತ್ರಿ ಒಂಬತ್ತಕ್ಕೆ ಅಂಗಳಕ್ಕೆ ಬಂದರೆ ಸ್ವೆಟರ್ ಬೇಕೆನಿಸುತ್ತದೆ. ಅದೇ ಹೊತ್ತಿಗೆ ಒಳಗಿನಿಂದ ಪಶ್ಚಿಮದ ಗೋಡೆ ಮುಟ್ಟಿದರೆ ಕೈಗೆ ಚೆನ್ನಾಗಿಯೇ ಬಿಸಿ ತಾಗುತ್ತದೆ. ಅವ್ವನಿಗೆ ಹನ್ನೊಂದರವರೆಗೂ ನಿದ್ದೆ ಬರುವುದಿಲ್ಲ.

ಕಂಟ್ರಾಕ್ಟರ್ ಹೇಳುವುದು, ಹೊಸ ಮನೆಗೂ 6 ಇಂಚಿನ ಬ್ಲಾಕೇ ಸಾಕು, ಸೆಕೆಯಾದರೆ ಒಂದೂವರೆ ಟನ್ ಏಸಿ ಹಾಕಿಸಿ ಎಂದು. ನಮ್ಮ ಅಜ್ಜನ ಮನೆಯಲ್ಲಿ ಫ್ಯಾನೇ ಇರಲಿಲ್ಲ, ನನಗೆ ಆ ಮಾತು ಹಿಡಿಸಲಿಲ್ಲ. ಡಿಪ್ಲೊಮಾದಲ್ಲಿ ಕಲಿತಂತೆ ಯೂ ವ್ಯಾಲ್ಯೂ (ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಗೋಡೆಯನ್ನು ದಾಟುವ ವ್ಯಾಟ್) ಹಾಕಿ ನೋಡಿದೆ. 6 ಇಂಚಿನ ಬ್ಲಾಕ್, ಎರಡೂ ಕಡೆ ಗಾರೆ: ಯೂ ಸುಮಾರು 3.1. ಕಿಟಕಿ ಬಿಟ್ಟು ಗೋಡೆ 120 ಚದರ ಅಡಿ, ಅಂದರೆ 11.15 ಚದರ ಮೀಟರ್. ಹೊರಗೆ 30 ಡಿಗ್ರಿ, ಒಳಗೆ 27. ಗುಣಿಸಿದರೆ ಬರುವುದು ಸುಮಾರು 100 ವ್ಯಾಟ್. ಇಷ್ಟೇ ಆಗಿದ್ದರೆ ರಾತ್ರಿ ಒಂಬತ್ತಕ್ಕೆ ಗೋಡೆ ಹಾಗೆ ಕಾದಿರಲು ಸಾಧ್ಯವೇ? ಬಿಸಿಲನ್ನು ಲೆಕ್ಕದೊಳಗೆ ತರುವುದು ಹೇಗೆ? ಇಟ್ಟಿಗೆ, ಏಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್) ಇವುಗಳಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಹೆಂಚಿಗೆ ಹೊಂದುವ ಇಟ್ಟಿಗೆ ಕೆಂಪು ಬಣ್ಣ ಬಳಿಯಬೇಕೆಂದು ತಂಗಿಯ ಆಸೆ, ಅದನ್ನೂ ಗಮನಿಸಿ ಹೇಳಿ.

ಸುಂಟಿಕೊಪ್ಪದ ಮೇಸ್ತ್ರಿ:

ಸಾರ್, ಲೆಕ್ಕ ತಿಳಿದವರು ಹೇಳುತ್ತಾರೆ, ನಾನು ಕೈಕೆಲಸದ ಮಾತು ಹೇಳುತ್ತೇನೆ. ಪಶ್ಚಿಮಕ್ಕೆ 9 ಇಂಚಿನ ವೈರ್‌ಕಟ್ ಇಟ್ಟಿಗೆ ಹಾಕಿಸಿ, ತಿಳಿ ಬಣ್ಣ ಬಳಿಸಿ. ಆದರೆ ಒಂದು ನೆನಪಿರಲಿ. ನಮ್ಮ ಕಡೆ ಜೂನ್‌ನಿಂದ ಮಳೆ ಬಂದು ಬಡಿಯುವುದೂ ಅದೇ ಮುಖಕ್ಕೆ. ಸೂರು ಗಿಡ್ಡ ಇದ್ದರೆ ಬೆಳ್ಳಗಿನ ಗೋಡೆ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ. ಆಮೇಲೆ ಬಿಸಿಲಿಗೆ ಬಿಳಿ ಬಣ್ಣದ ಉಪಯೋಗ ಎಲ್ಲಿ ಉಳಿಯಿತು?

ಕೈಯಾಲೆ (ವಿರಾಜಪೇಟೆ):

ತಮ್ಮಾ, ನಿನ್ನ ಲೆಕ್ಕದ ದಾರಿ ಸರಿಯಾಗಿಯೇ ಇದೆ, ಆದರೆ ಹೊರಗಿನ ಉಷ್ಣತೆಯ ಜಾಗದಲ್ಲಿ ಗಾಳಿಯ 30 ಡಿಗ್ರಿ ಕೂತಿದೆ. ಬಿಸಿಲು ಬಿದ್ದ ಗೋಡೆಗೆ ಹೊರಗೆ 30 ಡಿಗ್ರಿ ಇರುವುದಿಲ್ಲ. ಅಲ್ಲಿ ಹಾಕಬೇಕಾದದ್ದು ಸೋಲ್-ಏರ್ ತಾಪಮಾನ. ಗಾಳಿಯ ಬಿಸಿ ಮತ್ತು ಬಿಸಿಲು ಎರಡೂ ಸೇರಿ ಗೋಡೆಗೆ ಎಷ್ಟು ಡಿಗ್ರಿಯ ಹಾಗೆ ತಾಗುತ್ತದೆಯೋ ಅದು. ಗೋಡೆಯ ಮೇಲೆ ಬೀಳುವ ಬಿಸಿಲನ್ನು ಬಣ್ಣದ ಹೀರಿಕೆಯಿಂದ ಗುಣಿಸಿ, ಹೊರಮೈಯಿಂದ ಗಾಳಿಗೆ ಶಾಖ ಬಿಟ್ಟುಕೊಡುವ ಗುಣಾಂಕದಿಂದ ಭಾಗಿಸಿ, ಬಂದದ್ದನ್ನು ಗಾಳಿಯ ಉಷ್ಣತೆಗೆ ಕೂಡಿಸು. ಆ ಗುಣಾಂಕ ಸಾಧಾರಣ ಗಾಳಿಯಲ್ಲಿ ಚದರ ಮೀಟರಿಗೆ ಡಿಗ್ರಿಗೆ 20 ವ್ಯಾಟ್ ಎಂದು ಇಟ್ಟುಕೊಂಡರೆ ತೊಂದರೆಯಿಲ್ಲ.

ಬಿಸಿಲು ಎಷ್ಟು? ಮಾರ್ಚ್ 21ರ ಆಸುಪಾಸಿನಲ್ಲಿ, ತಿಳಿ ಆಕಾಶದಲ್ಲಿ, ಸೂರ್ಯನ ಲೆಕ್ಕದ ನಾಲ್ಕು ಗಂಟೆಗೆ (ನಮ್ಮ ಗಡಿಯಾರದಲ್ಲಿ ಸುಮಾರು ನಾಲ್ಕೂವರೆಗೆ) ಸೂರ್ಯ ದಿಗಂತದಿಂದ 29 ಡಿಗ್ರಿ ಮೇಲೆ, ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ ಇರುತ್ತಾನೆ. ನೆತ್ತಿಯ ಮೇಲಿದ್ದಾಗ ಗೋಡೆಯನ್ನು ಸವರಿಕೊಂಡು ಹೋಗುವ ಬಿಸಿಲು ಆಗ ಅದರ ಮುಖಕ್ಕೇ ಬೀಳುತ್ತದೆ. ನೇರ ಬಿಸಿಲು, ಆಕಾಶದ ಬೆಳಕು, ನೆಲದಿಂದ ಚಿಮ್ಮಿದ್ದು ಎಲ್ಲ ಸೇರಿ ಚದರ ಮೀಟರಿಗೆ 700 ವ್ಯಾಟ್ ಎಂದು ತೆಗೆದುಕೋ. ನಿನ್ನ ಕಣವನ್ನು ಇಲ್ಲಿ ಮರೆಯುವಂತಿಲ್ಲ. ಸಿಮೆಂಟ್ ನೆಲ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 30ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಅದರ ಅರ್ಧ ಎದುರಿನ ಗೋಡೆಯ ಪಾಲು. ಜೊತೆಗೆ ನೆಲವೇ ಕಾದು ಗೋಡೆಯ ಕಡೆ ಶಾಖ ಸೂಸುತ್ತದೆ. ಹುಲ್ಲಿನ ಅಂಗಳವಾಗಿದ್ದರೆ ಇವೆರಡೂ ಕಡಿಮೆಯಾಗುತ್ತಿದ್ದವು.

ಇಟ್ಟಿಗೆ ಕೆಂಪು ಬಣ್ಣದ ಹೀರಿಕೆ 0.7. ಎಂದರೆ 700ನ್ನು 0.7ರಿಂದ ಗುಣಿಸಿ 20ರಿಂದ ಭಾಗಿಸಿದರೆ 24.5. ಗಾಳಿಯ 30 ಸೇರಿ ಗೋಡೆಗೆ ಹೊರಗಿರುವುದು 54 ಡಿಗ್ರಿ! ತಿಳಿ ಕೆನೆ ಬಣ್ಣಕ್ಕೆ ಹೀರಿಕೆ 0.35 ಎಂದರೆ 42 ಡಿಗ್ರಿ. ಕೆಂಪು ಗೋಡೆಗೆ, ನೀನು ಹಾಕಿದ 3 ಡಿಗ್ರಿ ವ್ಯತ್ಯಾಸದ ಜಾಗದಲ್ಲಿ 27 ಬಂತು ನೋಡು.

ಆದರೆ ಇಷ್ಟಕ್ಕೇ 3.1ರಿಂದ ಗುಣಿಸಿ ನಿಲ್ಲಿಸಿದರೂ ಸರಿಯಾಗದು. ಗೋಡೆ ಮೊದಲು ತಾನು ಕಾಯಬೇಕು, ಆಮೇಲೆ ಒಳಗೆ ಕೊಡಬೇಕು. ಶಾಖ ತಡವಾಗಿ ಬರುತ್ತದೆ, ಬರುವಾಗ ಅದರ ಏರಿಳಿತ ಕುಗ್ಗಿಯೂ ಇರುತ್ತದೆ. 6 ಇಂಚಿನ ಸಾಲಿಡ್ ಬ್ಲಾಕಿನಲ್ಲಿ ತಡ ಸುಮಾರು 4 ಗಂಟೆ. ಸಂಜೆ ನಾಲ್ಕೂವರೆಯ ಬಿಸಿಲು ಒಳಮೈಗೆ ಬರುವುದು ಎಂಟೂವರೆ, ಒಂಬತ್ತಕ್ಕೆ. ನಿನ್ನ ಕೈಗೆ ತಾಗಿದ ಬಿಸಿ ಅದೇ, ನಿನ್ನ ಅವ್ವನ ನಿದ್ದೆ ಕೆಡಿಸುತ್ತಿರುವುದೂ ಅದೇ.

ಹಾಗಾಗಿ ಲೆಕ್ಕವನ್ನು ಎರಡು ಭಾಗ ಮಾಡುತ್ತೇನೆ. ಮೊದಲು ದಿನದ ಸರಾಸರಿ. ಮಾರ್ಚ್‌ನಲ್ಲಿ ಪಶ್ಚಿಮದ ಗೋಡೆಗೆ ದಿನಕ್ಕೆ ಚದರ ಮೀಟರಿಗೆ ಸುಮಾರು 3.4 ಯೂನಿಟ್ (ಕಿಲೋವ್ಯಾಟ್ ಗಂಟೆ) ಬಿಸಿಲು ಬೀಳುತ್ತದೆ ಎಂದುಕೊಂಡರೆ, 24 ಗಂಟೆಗೆ ಹಂಚಿದಾಗ 140 ವ್ಯಾಟ್. ಕೆಂಪು ಗೋಡೆಗೆ ಅದರಿಂದ ಏರುವುದು 4.9 ಡಿಗ್ರಿ. ಹೊರಗಿನ ಹಗಲು ರಾತ್ರಿಯ ಸರಾಸರಿ 24 ಇದ್ದರೆ ಸೋಲ್-ಏರ್ ಸರಾಸರಿ 28.9. ಕೋಣೆಯ ಸರಾಸರಿ 26 ಎಂದರೆ ವ್ಯತ್ಯಾಸ 2.9 ಡಿಗ್ರಿ ಮಾತ್ರ. ಕೊಡಗಿನ ರಾತ್ರಿಯ ತಂಪು ನಮಗೆ ಮಾಡುವ ಉಪಕಾರ ಇದು. ಆಮೇಲೆ ಏರಿಳಿತ. ಗರಿಷ್ಠ 54.5ರಿಂದ ಸರಾಸರಿ 28.9 ಕಳೆದರೆ 25.6. 6 ಇಂಚಿನ ಬ್ಲಾಕ್ ಇದರಲ್ಲಿ ಸುಮಾರು 0.65 ಪಾಲನ್ನು ದಾಟಿಸುತ್ತದೆ. ಎರಡೂ ಭಾಗ ಕೂಡಿಸಿ 3.1ರಿಂದ ಗುಣಿಸಿದರೆ ಚದರ ಮೀಟರಿಗೆ 60 ವ್ಯಾಟ್. ನಿನ್ನ ಗೋಡೆ ಪೂರ್ತಿಗೆ ಸುಮಾರು 670 ವ್ಯಾಟ್, ಮಲಗುವ ಹೊತ್ತಿಗೆ.

9 ಇಂಚಿನ ಇಟ್ಟಿಗೆಗೆ ಭಾರತೀಯ ಮಾನಕ ಬ್ಯೂರೋದ 1987ರ ಎಸ್‌ಪಿ 41 ಕೈಪಿಡಿಯ ವಾಹಕತೆ (ಶಾಖವನ್ನು ಸಾಗಿಸುವ ಗುಣದ ಅಂಕಿ) 0.811 ಹಾಕಿದರೆ ಯೂ 2.0 ಬರುತ್ತದೆ. ತಡ ಏಳೂವರೆ ಗಂಟೆ, ದಾಟುವ ಪಾಲು 0.45. ಅದೇ ಕೆಂಪು ಬಣ್ಣದಲ್ಲಿ 320 ವ್ಯಾಟ್, ನಡುರಾತ್ರಿಯ ಹೊತ್ತಿಗೆ. 8 ಇಂಚಿನ ಏಎಸಿ ಬ್ಲಾಕಿಗೆ ಯೂ 0.76, ಆಗ 130 ವ್ಯಾಟ್ ಆಸುಪಾಸು. ಈ ಮಾದರಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಏಕೆಂದರೆ ಪಶ್ಚಿಮದ ಬಿಸಿಲು ಕೆಲವೇ ಗಂಟೆ ಚುರುಕಾಗಿ ಬಂದು ಹೋಗುವಂಥದ್ದು, ಅಂಥದ್ದನ್ನು ಗೋಡೆ ಇನ್ನಷ್ಟು ಕುಗ್ಗಿಸುತ್ತದೆ. ಆದರೆ ಯಾವುದನ್ನು ಆರಿಸಬೇಕೆಂದು ಹೋಲಿಸಲು ಇಷ್ಟು ಸಾಕು.

ಈಗ ಬಣ್ಣ ನೋಡು. ಅದೇ 6 ಇಂಚಿನ ಬ್ಲಾಕಿಗೆ ಕೆನೆ ಬಣ್ಣ ಬಳಿದರೆ 670 ಇದ್ದದ್ದು 370 ಆಗುತ್ತದೆ. 9 ಇಂಚಿನ ಇಟ್ಟಿಗೆಗೆ ಕೆಂಪು ಬಳಿದರೆ 320. ಅಂದರೆ ಗೋಡೆಯ ದಪ್ಪಕ್ಕೆ ಸುರಿಯುವ ದುಡ್ಡಿನಿಂದ ಆಗುವ ಕೆಲಸದ ಬಹುಪಾಲನ್ನು ಒಂದು ಡಬ್ಬ ಬಣ್ಣ ಮಾಡುತ್ತದೆ. ತಂಗಿಗೆ ಹೇಳು, ಕೆಂಪು ಪೂರ್ವದ ಮುಖಕ್ಕೆ ಇರಲಿ, ಮನೆಗೆ ಬರುವವರು ನೋಡುವುದೂ ಅದನ್ನೇ.

ಆದರೂ ಗೋಡೆ ನಿನ್ನ ದೊಡ್ಡ ಚಿಂತೆ ಆಗಬಾರದು. ಕಿಟಕಿ! ಚೌಕಟ್ಟು ಬಿಟ್ಟು ಗಾಜು ಒಂದೂವರೆ ಚದರ ಮೀಟರ್ ಇದ್ದರೆ, ಸಾದಾ ಗಾಜು ಬಿಸಿಲಿನ ಸುಮಾರು ಶೇ 85ನ್ನು ಒಳಗೆ ಬಿಡುತ್ತದೆ. ನಾಲ್ಕೂವರೆಗೆ ಒಳಗೆ ಸುರಿಯುವುದು 890 ವ್ಯಾಟ್. ಇಡೀ ಗೋಡೆಗಿಂತ ಹೆಚ್ಚು, ಅದೂ ಒಂದು ನಿಮಿಷವೂ ತಡವಿಲ್ಲದೆ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೊ ನಿವಾಸ್ ಸಂಹಿತೆ ತಾರಸಿ ಬಿಟ್ಟು ಮನೆಯ ಹೊರಮೈಯಿಂದ ಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಹಾಕಿದೆ. ಅದರ ಸೂತ್ರದಲ್ಲಿ ಸಮಶೀತೋಷ್ಣ ವಲಯಕ್ಕೆ ಗೋಡೆಯ ಯೂ ಪಕ್ಕದಲ್ಲಿ ನಿಲ್ಲುವ ಅಂಕಿ 3.38, ಗಾಜಿನ ಸೌರ ಗುಣಾಂಕದ (ಬಿಸಿಲಿನ ಎಷ್ಟು ಪಾಲನ್ನು ಒಳಗೆ ಬಿಡುತ್ತದೆ ಎಂಬ ಅಂಕಿ) ಪಕ್ಕದಲ್ಲಿ 63.69. ಆ ಎರಡು ಅಂಕಿ ನೋಡಿದರೆ ಮೊದಲು ಯಾವುದಕ್ಕೆ ನೆರಳು ಮಾಡಬೇಕೆಂದು ಯಾರೂ ಕೇಳುವುದಿಲ್ಲ.

ಮೇಸ್ತ್ರಿಯವರು ಹೇಳಿದ ಮಾತು ಇಲ್ಲಿ ಬಹಳ ಮುಖ್ಯ. ಮಳೆಗಾಲದ ಎರಚಲು ಮತ್ತು ಮಾರ್ಚ್‌ನ ಬಿಸಿಲು ಒಂದೇ ಗೋಡೆಗೆ ಬಡಿಯುತ್ತವೆ. ಒದ್ದೆ ಗೋಡೆಯ ವಾಹಕತೆ ಹೆಚ್ಚು, ಪಾಚಿ ಹಿಡಿದ ಗೋಡೆಯ ಹೀರಿಕೆಯೂ ಹೆಚ್ಚು. ಅದಕ್ಕೇ ನಾನು ಕೊಡಗಿನಲ್ಲಿ ಪಶ್ಚಿಮದ ಗೋಡೆಯನ್ನು ಬರಿಮೈಯಲ್ಲಿ ಬಿಡಲು ಒಪ್ಪುವುದೇ ಇಲ್ಲ. ಬ್ಲಾಕ್ ಯಾವುದೇ ಇರಲಿ, ಅದರ ಮುಂದೆ ಒಂದು ಕೈಯಾಲೆ, ಎಂದರೆ ಇಳಿಜಾರು ಸೂರಿನ ಜಗಲಿ, ಬೇಕು. ನಮ್ಮ ಐನ್‌ಮನೆಗಳಲ್ಲಿ (ಕೊಡವ ಕುಟುಂಬಗಳ ಮೂಲ ಮನೆ) ಕೈಯಾಲೆ ಇರುವುದು ಮುಂಭಾಗಕ್ಕೆ, ನಿನಗೆ ಅದನ್ನು ಪಶ್ಚಿಮಕ್ಕೂ ತಿರುಗಿಸು ಎನ್ನುತ್ತಿದ್ದೇನೆ.

ಅಮ್ಮತ್ತಿ ತೋಟದವ:

ಅಕ್ಕಾ, ತುಂಬಾ ಉಪಕಾರ. ಅವ್ವನಿಗೆ ಓದಿ ಹೇಳಿದೆ. "ಕೈಯಾಲೆ ಇದ್ದರೆ ನಾನು ಕಿಟಕಿಯಲ್ಲಿ ಯಾಕೆ ಕೂರಲಿ, ಅಲ್ಲೇ ಕೂರುತ್ತೇನೆ" ಎಂದರು. ಕೇಳಬೇಕಾದ್ದು ಇನ್ನೂ ಇದೆ. ಕಂಟ್ರಾಕ್ಟರ್ 3 ಅಡಿ ಸಜ್ಜಾ ಸಾಕು ಎನ್ನುತ್ತಿದ್ದಾರೆ, ಸಾಲುವುದೇ? ಏಎಸಿ ಬ್ಲಾಕಿನ ಅಂಕಿ ಅಷ್ಟು ಚೆನ್ನಾಗಿದ್ದರೆ ಅದನ್ನೇ ಹಾಕಬಾರದೇಕೆ? ತಾರಸಿ ಬಗ್ಗೆಯೂ ಹೇಳಿ. ಆರ್‌ಸಿಸಿ ಮೇಲೆ ಕಬ್ಬಿಣದ ಟ್ರಸ್ ಹಾಕಿ ಶೀಟ್ ಹೊದಿಸುವ ಯೋಚನೆ ಇದೆ.

ಕುಶಾಲನಗರ ಫಿಸಿಕ್ಸ್:

ಮೇಲಿನ ಲೆಕ್ಕದಲ್ಲಿ ಬರುವ ಗಂಟೆಯ ಬಗ್ಗೆ ಒಂದು ಮಾತು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕೊಡಗು ಇರುವುದು ಹತ್ತಿರಹತ್ತಿರ 75.8ರಲ್ಲಿ. ಡಿಗ್ರಿಗೆ 4 ನಿಮಿಷದ ಹಾಗೆ 27 ನಿಮಿಷ ಹಿಂದೆ. ಮಾರ್ಚ್ ಮೂರನೇ ವಾರದಲ್ಲಿ ಇನ್ನೂ ಏಳೆಂಟು ನಿಮಿಷ ಸೇರುತ್ತದೆ. ಆದ್ದರಿಂದ ಸೂರ್ಯನ ನಾಲ್ಕು ಗಂಟೆ ಎಂದರೆ ಕೈಗಡಿಯಾರದಲ್ಲಿ 4.35. ನೆರಳು ಅಳೆಯುವಾಗ ಇದನ್ನು ಬಿಟ್ಟರೆ ಅಂಕಿಗಳು ಹೊಂದುವುದಿಲ್ಲ.

ಈಗಿನ ಮನೆಯ ಗೋಡೆಯನ್ನೇ ಅಳೆದು ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು, ಆದರೆ ಹಣೆಗೆ ಹಿಡಿಯುವಂಥದ್ದು ಬೇಡ. ಅದು ಮೈಬಿಸಿಯ ಆಸುಪಾಸಿಗೆ ಮಾತ್ರ. ಮೆಕ್ಯಾನಿಕ್‌ಗಳು ಬಳಸುವ ಥರದ್ದು ತೆಗೆದುಕೊಳ್ಳಿ. ಬಣ್ಣ ಬಳಿದ ಗೋಡೆಗೆ ಎಮಿಸಿವಿಟಿ (ಮೇಲ್ಮೈ ಶಾಖ ಸೂಸುವ ಪ್ರಮಾಣದ ಅಂಕಿ) 0.95 ಇಡಿ. ಹೊರಮೈ ಯಾವಾಗ ಅತಿ ಹೆಚ್ಚು ಕಾಯುತ್ತದೆ, ಒಳಮೈ ಯಾವಾಗ ಎಂದು ಬರೆದಿಟ್ಟರೆ ನಡುವಿನ ಅಂತರವೇ ಆ ಗೋಡೆಯ ತಡ. ಒಂದು ಚೌಕ ಭಾಗಕ್ಕೆ ಸುಣ್ಣ ಬಳಿದು ಪಕ್ಕದ ಭಾಗದ ಜೊತೆ ಹೋಲಿಸಿ. ಬಣ್ಣದ ವಿಷಯ ತಂಗಿಗೆ ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಇದು ಸುಲಭ.

ಸುಂಟಿಕೊಪ್ಪದ ಮೇಸ್ತ್ರಿ:

ಏಎಸಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ ಸಾರ್. ಹಗುರ, ಕೆಲಸ ಬೇಗ. ಆದರೆ ಅದು ನೀರು ಕುಡಿಯುತ್ತದೆ. ಹೊರಗಾರೆಯಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಜುಲೈ ತಿಂಗಳ ಮಳೆಗೆ ಒಳಗೆ ಇಳಿಯುತ್ತದೆ, ಒಣಗಲು ಬಿಸಿಲು ಬರುವುದು ಅಕ್ಟೋಬರ್‌ಗೆ. ಹಾಕುವುದಾದರೆ ಬ್ಲಾಕನ್ನು ಟಾರ್ಪಾಲ್ ಅಡಿಯಲ್ಲಿ ಒಣಗಿದ್ದಾಗಲೇ ಇಟ್ಟುಕೊಳ್ಳಿ. ಅದಕ್ಕೆಂದೇ ಬರುವ ಅಂಟುಗಾರೆಯಲ್ಲಿ ಕಟ್ಟಿಸಿ, ಕಾಲಮ್ ಮತ್ತು ಬ್ಲಾಕ್ ಸೇರುವ ಕಡೆ ಮೆಶ್ ಹೊಡೆಸಿ ಆಮೇಲೆ ಗಾರೆ ಮಾಡಿಸಿ. ಭಾರದ ಟಿವಿ, ಕಪಾಟು ನೇತುಹಾಕುವ ಗೋಡೆಗೆ ಮೊದಲೇ ಯೋಚಿಸಿ. ಅಕ್ಕ ಹೇಳಿದ ಹಾಗೆ ಮುಂದೆ ಮಾಡು (ಇಳಿಜಾರು ಸೂರು) ಇಳಿಸಿದರೆ ಇಟ್ಟಿಗೆಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೈಯಾಲೆ (ವಿರಾಜಪೇಟೆ):

3 ಅಡಿ ಸಜ್ಜಾ ಸಾಲದು. ಗಡಿಯಾರದ ಎರಡೂವರೆಗೆ ಅದರ ನೆರಳು ಗೋಡೆಯ ಮೇಲೆ 5 ಅಡಿ ಇಳಿಯುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ 4.35ಕ್ಕೆ ಅದೇ ನೆರಳು 1.7 ಅಡಿಗೆ ಮೇಲೇರುತ್ತದೆ, 5.35ಕ್ಕೆ 10 ಇಂಚು ಉಳಿದರೆ ಹೆಚ್ಚು. ಬಿಸಿಲು ಗೋಡೆಯ ಮುಖಕ್ಕೆ ಹೊಡೆಯುವ ಹೊತ್ತಿಗೇ ಸಜ್ಜಾ ಕೈಕೊಡುತ್ತದೆ. ದಕ್ಷಿಣದ ಗೋಡೆಗಾದರೆ 3 ಅಡಿ ಧಾರಾಳ. ಏಪ್ರಿಲ್ 23ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುವುದರಿಂದ ದಕ್ಷಿಣಕ್ಕೆ ನೇರ ಬಿಸಿಲೇ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಅದೇ ಸೂರ್ಯ ಮಧ್ಯಾಹ್ನ 54 ಡಿಗ್ರಿಗೆ ಇಳಿದು ದಕ್ಷಿಣದ ಗೋಡೆಗೆ ಚದರ ಮೀಟರಿಗೆ 600 ವ್ಯಾಟ್ ಕೊಡುತ್ತಾನೆ, ಚಳಿಗೆ ಅದು ಬೇಕಾದ್ದೇ. ಆ ಕಡೆಯ ಕಿಟಕಿಗಳನ್ನು ದೊಡ್ಡದು ಮಾಡಿದರೂ ನನ್ನ ಆಕ್ಷೇಪವಿಲ್ಲ.

ಪಶ್ಚಿಮದ ಕೈಯಾಲೆಗೆ ಅಗಲಕ್ಕಿಂತ ಅಂಚಿನ ಎತ್ತರ ಮುಖ್ಯ. 8 ಅಡಿ ಅಗಲ ಮಾಡಿ, ಮಾಡನ್ನು ಗೋಡೆಯಿಂದ ಇಳಿಸಿ ಅಂಚನ್ನು 7 ಅಡಿಗೆ ತಾ. 4.35ಕ್ಕೆ ಬಿಸಿಲು ಅಂಚಿನಿಂದ ಗೋಡೆಯವರೆಗೆ ಬರುವಷ್ಟರಲ್ಲಿ 4.5 ಅಡಿ ಕೆಳಗಿಳಿಯುತ್ತದೆ, ಅಂದರೆ ಗೋಡೆಯ ಕೆಳಗಿನ 2.5 ಅಡಿಗೆ ಮಾತ್ರ ಬಿಸಿಲು. ಕಿಟಕಿಯ ತಳ 3 ಅಡಿಯಲ್ಲಿದ್ದರೆ ಗಾಜಿಗೆ ನೇರ ಬಿಸಿಲು ಇಲ್ಲವೇ ಇಲ್ಲ. ಆಗ ಗಾಜಿನಿಂದ ಬರುವ 890 ವ್ಯಾಟ್ 130ರ ಆಸುಪಾಸಿಗೆ ಬರುತ್ತದೆ, ಕೆಂಪು ಗೋಡೆಯ ಸೋಲ್-ಏರ್ ಕೂಡ 54ರಿಂದ 34ರ ಹತ್ತಿರಕ್ಕೆ. ಐದು ಗಂಟೆಯ ನಂತರದ ತಗ್ಗು ಬಿಸಿಲಿಗೆ ಬಿದಿರಿನ ತಟ್ಟಿ ಇಳಿಬಿಡಬಹುದು. ಕಣಕ್ಕೆ ಇದರಿಂದ ನೆರಳಾಗುವುದು ಬೆಳಿಗ್ಗೆ ಮಾತ್ರ, ಆ ಹೊತ್ತಿಗೆ ಮನೆಯ ನೆರಳೇ ಅಲ್ಲಿ ಬಿದ್ದಿರುತ್ತದೆ. ಕುಯ್ಲಿನ ಕಾಲದಲ್ಲಿ ಮೂಟೆ ಇಡಲೂ ಜಾಗವಾಯಿತು.

ತಾರಸಿಗೆ ನೀನು ಯೋಚಿಸಿದ್ದು ಬಹಳ ಸರಿ. ನಮ್ಮಲ್ಲಿ ಎಲ್ಲರೂ ಸೋರಿಕೆಗೆ ಹೆದರಿ ಶೀಟ್ ಹಾಕಿಸುತ್ತಾರೆ, ಆದರೆ ಬೇಸಿಗೆಯಲ್ಲಿ ಅದು ಸ್ಲ್ಯಾಬಿಗೆ ಕೊಡೆ. ದಿನವಿಡೀ ಲೆಕ್ಕ ಹಾಕಿದರೆ ಪಶ್ಚಿಮದ ಗೋಡೆಗಿಂತ ಹೆಚ್ಚು ಬಿಸಿಲು ಬೀಳುವುದು ತಾರಸಿಗೇ. ಶೀಟ್ ಮತ್ತು ಸ್ಲ್ಯಾಬ್ ನಡುವೆ ಎರಡೂ ತುದಿಯಲ್ಲಿ ಗಾಳಿ ಆಡುವಂತೆ ಬಿಡು, ಇಲಿ, ಬಾವಲಿ ಬರದಂತೆ ಜಾಲರಿ ಹೊಡೆಸು. ಸುತ್ತ ಮುಚ್ಚಿಬಿಟ್ಟರೆ ಕಾದ ಗಾಳಿ ಅಲ್ಲೇ ನಿಂತು ಲಾಭ ಅರ್ಧವಾಗುತ್ತದೆ.

ಏಸಿ ವಿಷಯ. ಒಂದೂವರೆ ಟನ್ ಎಂದರೆ 5300 ವ್ಯಾಟ್ ಶಾಖ ತೆಗೆಯುವ ಯಂತ್ರ. ನೆರಳು ಮಾಡಿದ ನಿನ್ನ ಕೋಣೆಗೆ ಗೋಡೆ, ಕಿಟಕಿ ಸೇರಿ ಬರುವುದು ಕೆಲವು ನೂರು ವ್ಯಾಟ್. ಅದನ್ನು ತೆಗೆಯಲು ರಾತ್ರಿಯ ಗಾಳಿ ಇದೆ. 14ಕ್ಕೆ 12ರ ಕೋಣೆಯಲ್ಲಿ ಗಂಟೆಗೆ ಹತ್ತು ಸಲ ಗಾಳಿ ಬದಲಾದರೆ, ಒಳಗೂ ಹೊರಗೂ 7 ಡಿಗ್ರಿ ವ್ಯತ್ಯಾಸವಿದ್ದಾಗ 1100 ವ್ಯಾಟ್ ಹೊರಹೋಗುತ್ತದೆ. ಅದಕ್ಕೆ ಪಶ್ಚಿಮದ ಕಿಟಕಿಯೊಂದೇ ಸಾಲದು, ಗಾಳಿ ಹೊರಹೋಗಲು ಇನ್ನೊಂದು ಗೋಡೆಯಲ್ಲಿ ಮೇಲ್ಗಡೆ ವೆಂಟಿಲೇಟರ್ ಬೇಕು, ಎರಡಕ್ಕೂ ಸೊಳ್ಳೆ ಜಾಲರಿ ಬೇಕು. ಅವ್ವನಿಗೆ ಗಾಳಿ ನೇರ ಮೈಮೇಲೆ ಬೀಸದಂತೆ ಮಂಚದ ಜಾಗವನ್ನು ಈಗಲೇ ಗುರುತು ಮಾಡಿಕೋ.

ಗೋಡೆಗೆ 9 ಇಂಚಿನ ಇಟ್ಟಿಗೆ, ಕೆನೆ ಬಣ್ಣ, ಮುಂದೆ ಕೈಯಾಲೆ. ಕಂಬಗಳ ಪಾಯ ಮನೆಯ ಪಾಯದ ಜೊತೆ ಬಂದಿಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ತೋಡಿಸಬೇಕು, ಕಣದ ನೀರು ಆ ಕಡೆ ಹರಿಯದಂತೆ ಇಳಿಜಾರು ನೋಡಿಕೋ. ಮಾಡಿನ ತೊಲೆ ಕೂರಲು ಗೋಡೆಯಲ್ಲಿ 9 ಅಡಿ ಎತ್ತರಕ್ಕೆ ಬ್ರ್ಯಾಕೆಟ್ ಬರಬೇಕು, ಲಿಂಟಲ್ ಕಾಂಕ್ರೀಟ್ ಹಾಕುವ ಮೊದಲೇ ಕಂಟ್ರಾಕ್ಟರಿಗೆ ತಿಳಿಸು. ನಕ್ಷೆಯ ಫೋಟೊ ಇಲ್ಲಿ ಹಾಕಿದರೆ ಕಂಬಗಳ ಜಾಗ ಗುರುತು ಮಾಡಿಕೊಡುತ್ತೇನೆ.